ಹಳೇ ಬಿಡಿಭಾಗಗಳಿಂದ ಹೊಸ ಆಟ: ಗೇಮ್ ಬಾಯ್ ಹಿಂದಿನ ಗುನ್‌ಪೇ ಯೊಕೊಯ್

1989ರ ಏಪ್ರಿಲ್‌ನಲ್ಲಿ ಜಪಾನಿನ ಅಂಗಡಿಗಳಿಗೆ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಬಂತು. ಕೈಯಲ್ಲಿ ಹಿಡಿದು ಆಡುವ ಪುಟ್ಟ ವಿಡಿಯೊ ಗೇಮ್ ಯಂತ್ರ. ಬೆಲೆ 12,500 ಯೆನ್. ಪರದೆಯಲ್ಲಿ ಬಣ್ಣವಿಲ್ಲ, ಹಸಿರು ಬೆರೆತ ನಾಲ್ಕು ಛಾಯೆಗಳು ಮಾತ್ರ. ಪರದೆಗೆ ಬೆಳಕೂ ಇಲ್ಲ, ಕತ್ತಲಲ್ಲಿ ಆಡಲು ಆಗುತ್ತಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಅಟಾರಿ ಕಂಪನಿ ಲಿಂಕ್ಸ್ ಎಂಬ ಯಂತ್ರ ತಂದಿತು. ಮರುವರ್ಷ ಸೆಗಾ ಕಂಪನಿಯ ಗೇಮ್ ಗೇರ್ ಬಂತು. ಎರಡರ ಪರದೆಯಲ್ಲೂ ಬಣ್ಣ ಇತ್ತು, ಬೆಳಕೂ ಇತ್ತು. ಆದರೂ ಗೆದ್ದಿದ್ದು ಗೇಮ್ ಬಾಯ್. ಆಮೇಲೆ ಬಂದ ಬಣ್ಣದ ಆವೃತ್ತಿಯೂ ಸೇರಿ ಅದು ಸುಮಾರು 11 ಕೋಟಿ 87 ಲಕ್ಷ ಮಾರಾಟವಾಯಿತು.

ಕಡಿಮೆ ತಾಕತ್ತಿನ ಯಂತ್ರ ಹೀಗೆ ಗೆದ್ದಿದ್ದು ಅದೃಷ್ಟದಿಂದ ಅಲ್ಲ. ಅದರ ಹಿಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೆಳೆದು ಬಂದ ಒಂದು ಯೋಚನೆ ಇತ್ತು. ಅದನ್ನು ಬೆಳೆಸಿದವರು ಗುನ್‌ಪೇ ಯೊಕೊಯ್.

ಯೊಕೊಯ್ ಹುಟ್ಟಿದ್ದು 1941ರಲ್ಲಿ, ಕ್ಯೋಟೊದಲ್ಲಿ. ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ 1965ರಲ್ಲಿ ನಿಂಟೆಂಡೊ ಸೇರಿದರು. ಆಗಿನ ನಿಂಟೆಂಡೊ ಇಸ್ಪೀಟು ಮತ್ತು ಹನಾಫುದ ಎಂಬ ಜಪಾನಿ ಎಲೆಯಾಟದ ಕಾರ್ಡು ಮಾಡುವ ಕಂಪನಿ. ಕಾರ್ಡು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು ಯೊಕೊಯ್ ಕೆಲಸ. ಬಿಡುವಿನ ವೇಳೆ ಜಾಸ್ತಿ ಸಿಗುತ್ತಿತ್ತು. ಸುಮ್ನೆ ಕೂರಲಾಗದೆ, ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಒಂದು 'ಕೈ' ಮಾಡಿಕೊಂಡರು. ಅದು ಕಂಪನಿಯ ಅಧ್ಯಕ್ಷ ಹಿರೊಶಿ ಯಮೌಚಿ ಅವರ ಕಣ್ಣಿಗೆ ಬಿತ್ತು. ಅಧ್ಯಕ್ಷರು ಕರೆಸಿದಾಗ ಬೈಗುಳ ಗ್ಯಾರಂಟಿ ಎಂದುಕೊಂಡೇ ಹೋದರಂತೆ. ಯಮೌಚಿ ಬೈಯಲಿಲ್ಲ. ಇದನ್ನು ಆಟಿಕೆ ಮಾಡಿ ಮಾರೋಣ ಎಂದರು. 1966ರಲ್ಲಿ 'ಅಲ್ಟ್ರಾ ಹ್ಯಾಂಡ್' ಹೆಸರಿನಲ್ಲಿ ಬಂದ ಅದು ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಯೊಕೊಯ್ ಆಟಿಕೆ ವಿಭಾಗಕ್ಕೆ ಬಂದರು.

ಮುಂದಿನ ವರ್ಷಗಳ ಆಟಿಕೆಗಳನ್ನು ನೋಡಿದರೆ ಅವರ ದಾರಿ ಅರ್ಥವಾಗುತ್ತದೆ. 1969ರ 'ಲವ್ ಟೆಸ್ಟರ್' ಒಳಗಿದ್ದದ್ದು ಮೈಯಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಅಳೆಯುವ ಮೀಟರ್ ಅಷ್ಟೇ. ಹುಡುಗ ಅದಕ್ಕೆ ಜೋಡಿಸಿದ ಒಂದು ಲೋಹದ ಗುಂಡು ಹಿಡಿಯಬೇಕು, ಹುಡುಗಿ ಇನ್ನೊಂದು. ಉಳಿದ ಕೈಗಳನ್ನು ಇಬ್ಬರೂ ಪರಸ್ಪರ ಹಿಡಿದುಕೊಳ್ಳಬೇಕು. ಮುಳ್ಳು ಮೇಲೇರಿದಷ್ಟೂ ಪ್ರೀತಿ ಜಾಸ್ತಿ! ಹುಡುಗಿಯರ ಕೈ ಹಿಡಿಯಲು ಒಂದು ನೆಪ ಬೇಕಿತ್ತು ಎಂದು ಯೊಕೊಯ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1972ರ 'ಲೆಫ್ಟಿ ಆರ್‌ಎಕ್ಸ್'. ಆಗ ರಿಮೋಟ್ ಕಾರುಗಳು ತುಂಬಾ ದುಬಾರಿ. ಕಾರು ಎರಡೂ ಕಡೆ ತಿರುಗಬೇಕಾದರೆ ಒಳಗಿನ ವ್ಯವಸ್ಥೆ ಜಟಿಲವಾಗುತ್ತದೆ, ಬೆಲೆ ಏರುತ್ತದೆ. ಯೊಕೊಯ್ ಒಂದೇ ಸಂಕೇತ ಉಳಿಸಿಕೊಂಡರು. ಅವರ ಕಾರು ನೇರ ಹೋಗುತ್ತದೆ, ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುವುದೇ ಇಲ್ಲ. ಆದರೆ ರೇಸ್ ಟ್ರ್ಯಾಕಿನಲ್ಲಿ ಸುತ್ತು ಹಾಕಲು ಒಂದು ಕಡೆ ತಿರುಗಿದರೆ ಸಾಕಲ್ವಾ? ಮಕ್ಕಳಿಗೆ ರೇಸ್ ಸಿಕ್ಕಿತು, ಅಪ್ಪ ಅಮ್ಮಂದಿರಿಗೆ ಕೈಗೆಟುಕುವ ಬೆಲೆ ಸಿಕ್ಕಿತು.

ಎಲ್ಲರೂ ಬಳಸಿ ಹಳೆಯದಾದ, ಅಗ್ಗವಾದ, ಕೈಕೊಡದ ತಂತ್ರಜ್ಞಾನ ತೆಗೆದುಕೊ. ಅದನ್ನು ಯಾರೂ ಯೋಚಿಸದ ಕಡೆ ಬಳಸು. ಇದು ಅವರ ಸೂತ್ರ. ಹೊಸ ತಂತ್ರಜ್ಞಾನದ ಹಿಂದೆ ಓಡಿದರೆ ಬೆಲೆ ಏರುತ್ತದೆ, ಆಟದ ಮಜಾ ಹಿಂದೆ ಬೀಳುತ್ತದೆ ಎಂಬುದು ಅವರ ನಂಬಿಕೆ.

ಈ ಸೂತ್ರಕ್ಕೆ ದೊಡ್ಡ ಅವಕಾಶ ಕೊಟ್ಟಿದ್ದು ಕ್ಯಾಲ್ಕುಲೇಟರ್. 1970ರ ದಶಕದಲ್ಲಿ ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ಬೆಲೆ ಸಮರದಿಂದಾಗಿ ಕ್ಯಾಲ್ಕುಲೇಟರ್‌ಗಳೂ ಅವುಗಳ ಎಲ್‌ಸಿಡಿ ಪರದೆಗಳೂ ತೀರಾ ಅಗ್ಗವಾದವು. ಬುಲೆಟ್ ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತಾ ಕುಳಿತಿದ್ದ ಒಬ್ಬ ಕಚೇರಿ ನೌಕರನನ್ನು ಯೊಕೊಯ್ ನೋಡಿದರು. ಅಂಥವರು ಯಾರ ಕಣ್ಣಿಗೂ ಬೀಳದಂತೆ ಆಡಬಹುದಾದ ಚಿಕ್ಕ ಯಂತ್ರ ಯಾಕಾಗಬಾರದು? ಒಮ್ಮೆ ಯಮೌಚಿ ಅವರ ಕಾರು ಓಡಿಸುವ ಸಂದರ್ಭ ಬಂದಾಗ ಈ ವಿಷಯ ಹೇಳಿದರು. ಯಮೌಚಿ ಅದನ್ನು ಶಾರ್ಪ್ ಕಂಪನಿಯ ಮುಖ್ಯಸ್ಥರ ಕಿವಿಗೆ ಹಾಕಿದರು.

1980ರಲ್ಲಿ 'ಗೇಮ್ ಅಂಡ್ ವಾಚ್' ಬಂತು. ಆಟದ ಜೊತೆ ಗಡಿಯಾರ. ಕ್ಯಾಲ್ಕುಲೇಟರ್‌ನಲ್ಲಿ ಅಂಕಿಗಳ ಗೆರೆಗಳು ಪರದೆಯಲ್ಲಿ ಮೊದಲೇ ಇರುವಂತೆ, ಇಲ್ಲಿ ಮನುಷ್ಯ, ಚೆಂಡುಗಳ ಆಕಾರಗಳು ಮೊದಲೇ ಇರುತ್ತವೆ. ವಿದ್ಯುತ್ ಹರಿದಾಗ ಒಂದೊಂದೇ ಕಪ್ಪಾಗಿ ಕಾಣಿಸುತ್ತದೆ. 90ರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ಆಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಅದರ ಚೌಕಗಳೂ ಇದೇ ರೀತಿ ಮೂಡುತ್ತಿದ್ದವು. ಗೇಮ್ ಅಂಡ್ ವಾಚ್ ಸರಣಿ ಒಟ್ಟು 4 ಕೋಟಿ 34 ಲಕ್ಷ ಮಾರಾಟವಾಯಿತು.

1982ರಲ್ಲಿ ಇದೇ ಸರಣಿಗೆ 'ಡಾಂಕಿ ಕಾಂಗ್' ಬಂತು. ಇದು ಪುಸ್ತಕದಂತೆ ಮಡಚುವ, ಎರಡು ಪರದೆಯ ಯಂತ್ರ. ಎದ್ದು ನಿಲ್ಲುವ ಜಾಯ್‌ಸ್ಟಿಕ್ ಇಟ್ಟರೆ ಮಡಚಲು ಆಗುವುದಿಲ್ಲ. ಅದಕ್ಕೆ ಯೊಕೊಯ್ ಚಪ್ಪಟೆಯಾದ, ಕೂಡಿಸುವ ಚಿಹ್ನೆಯ ಆಕಾರದ ಗುಂಡಿ ಮಾಡಿದರು. ನಾಲ್ಕು ದಿಕ್ಕಿಗೂ ಒಂದೇ ಹೆಬ್ಬೆರಳು ಸಾಕು. ಮುಂದೆ ಟಿವಿಗೆ ಜೋಡಿಸುವ ಯಂತ್ರಗಳಿಗೂ ಅದು ಹೋಯಿತು. ಇವತ್ತಿನ ಗೇಮ್ ಕಂಟ್ರೋಲರ್‌ಗಳ ಎಡಗಡೆ ನೋಡಿ, ಅದು ಅಥವಾ ಅದರ ಸಂತತಿ ಅಲ್ಲಿರುತ್ತದೆ. ಮೂಲ 'ಡಾಂಕಿ ಕಾಂಗ್' ಆಟ ಮಾಡಿದ ಶಿಗೆರು ಮಿಯಾಮೊಟೊ ಕೂಡ ಆಗ ಯೊಕೊಯ್ ಮಾರ್ಗದರ್ಶನದಲ್ಲಿ ಕೆಲಸ ಕಲಿಯುತ್ತಿದ್ದ ಯುವಕ. 'ಮೆಟ್ರಾಯ್ಡ್' ಎಂಬ ವಿಡಿಯೊ ಗೇಮ್ ಹುಟ್ಟಿದ್ದೂ ಯೊಕೊಯ್ ವಿಭಾಗದಲ್ಲೇ.

ಗೇಮ್ ಬಾಯ್ ಪೂರ್ತಿ ಯೊಕೊಯ್ ಒಬ್ಬರದೇ ಎಂದು ಹೇಳುವುದು ಸರಿಯಲ್ಲ. ಅವರ ಮನಸ್ಸಿನಲ್ಲಿದ್ದದ್ದು ಗೇಮ್ ಅಂಡ್ ವಾಚ್ ಥರದ ಸರಳ ಆಟಿಕೆ. ದೊಡ್ಡ ಆಟಗಳನ್ನೂ ಓಡಿಸಬಲ್ಲ ನಿಜವಾದ ಯಂತ್ರ ಬೇಕೆಂದು ಹಠ ಹಿಡಿದವರು ಸಹೋದ್ಯೋಗಿ ಸತೋರು ಒಕಾಡಾ. ವಾದಗಳ ನಂತರ ಯೊಕೊಯ್ ಒಪ್ಪಿದರು. ಆದರೆ ಬಣ್ಣ ಬೇಡ ಎಂಬ ಮಾತಿನಿಂದ ಅವರು ಸರಿಯಲಿಲ್ಲ. ಬಣ್ಣದ ಪರದೆ ಬ್ಯಾಟರಿ ನುಂಗುತ್ತದೆ. ಗೇಮ್ ಗೇರ್‌ಗೆ ಆರು ಪೆನ್ಸಿಲ್ ಸೆಲ್ ಹಾಕಿದರೂ ಮೂರರಿಂದ ಐದು ಗಂಟೆಯಲ್ಲಿ ಖಾಲಿ. ಗೇಮ್ ಬಾಯ್ ನಾಲ್ಕು ಸೆಲ್‌ಗೆ ಹತ್ತು ಗಂಟೆಗೂ ಜಾಸ್ತಿ ಓಡುತ್ತಿತ್ತು. ಕಪ್ಪು ಹಲಗೆಯ ಮೇಲೆ ಎರಡು ವೃತ್ತ ಬರೆದು ಹಿಮದ ಗೊಂಬೆ ಎಂದರೆ, ನೋಡುವವರ ಮನಸ್ಸೇ ಅದಕ್ಕೆ ಹಿಮದ ಬಿಳುಪು ತುಂಬುತ್ತದೆ ಎನ್ನುತ್ತಿದ್ದರು ಯೊಕೊಯ್. ಪ್ರತಿಸ್ಪರ್ಧಿ ಯಂತ್ರ ಬಂದಿದೆ ಎಂದು ಗಾಬರಿಯಿಂದ ಬಂದ ಸಿಬ್ಬಂದಿಯನ್ನು ಅವರು ಮೊದಲು ಕೇಳಿದ್ದು, ಅದು ಬಣ್ಣದ್ದೋ ಕಪ್ಪು ಬಿಳುಪಿನದ್ದೋ ಎಂದು. ಬಣ್ಣದ್ದು ಎಂದಾಗ, ಹಾಗಾದರೆ ಚಿಂತೆಯಿಲ್ಲ ಎಂದರಂತೆ.

1995ರ 'ವರ್ಚುವಲ್ ಬಾಯ್' ಮಾತ್ರ ನೆಲಕಚ್ಚಿತು. ಮೇಜಿನ ಮೇಲಿಟ್ಟು, ಮುಖ ಒಳಗಿಟ್ಟು ನೋಡುವ ಯಂತ್ರ. ಕೆಂಪು ಮತ್ತು ಕಪ್ಪು ಚಿತ್ರಗಳು, ಆಳದ ಅನುಭವ. ಆಡಿದವರು ತಲೆನೋವು, ಕಣ್ಣುನೋವು ಎಂದರು. ಮಾರಾಟವಾಗಿದ್ದು ಸುಮಾರು 7.7 ಲಕ್ಷ. ಯೊಕೊಯ್ ತಮ್ಮ ಸೂತ್ರ ಮರೆತರು ಎಂದು ಹಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಕೆಂಪು ಎಲ್‌ಇಡಿ ಆರಿಸಿದ್ದೇ ಅದು ಅಗ್ಗ ಮತ್ತು ಕಡಿಮೆ ವಿದ್ಯುತ್ ಸಾಕು ಎಂದು. ಸೂತ್ರದ ಮೊದಲರ್ಧ ಅಲ್ಲೂ ಇತ್ತು. ಇಲ್ಲವಾಗಿದ್ದು ಜೊತೆಗಾರಿಕೆ. ಲವ್ ಟೆಸ್ಟರ್ ಇಬ್ಬರನ್ನು ಹತ್ತಿರ ತಂದಿತ್ತು. ಗೇಮ್ ಬಾಯ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಇಬ್ಬರು ಟೆಟ್ರಿಸ್ ಆಡಬಹುದಿತ್ತು. ವರ್ಚುವಲ್ ಬಾಯ್ ಒಳಗೆ ಮುಖ ಇಟ್ಟವನಿಗೆ ಪಕ್ಕದವರು ಕಾಣುವುದಿಲ್ಲ, ಪಕ್ಕದವರಿಗೆ ಅವನ ಆಟ ಕಾಣುವುದಿಲ್ಲ.

1996ರ ಆಗಸ್ಟ್‌ನಲ್ಲಿ ಯೊಕೊಯ್ ನಿಂಟೆಂಡೊ ಬಿಟ್ಟರು. ಸೋಲಿನಿಂದಾಗಿ ಹೊರಹಾಕಿದರು ಎಂಬ ಸುದ್ದಿ ಹಬ್ಬಿತು. ಅವರೇ ಅದನ್ನು ಅಲ್ಲಗಳೆದು, ಸ್ವಂತ ಕೆಲಸ ಮಾಡುವ ಯೋಚನೆ ಮೊದಲಿಂದಲೂ ಇತ್ತು ಎಂದರು. ಕ್ಯೋಟೊದಲ್ಲಿ 'ಕೋಟೊ ಲ್ಯಾಬೊರೇಟರಿ' ತೆರೆದು, ಬಂದೈ ಕಂಪನಿಗಾಗಿ 'ವಂಡರ್‌ಸ್ವಾನ್' ಎಂಬ ಹೊಸ ಯಂತ್ರದ ಕೆಲಸ ಶುರುಮಾಡಿದರು. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಗಿದೆ ಎಂದು ನೋಡಲು ಇಳಿದಾಗ ಇನ್ನೊಂದು ಕಾರು ಬಂದು ಗುದ್ದಿತು. ತೀರಿಕೊಂಡಾಗ ಅವರಿಗೆ 56 ವರ್ಷ.

ನಿಂಟೆಂಡೊ ಗೇಮ್ ಬಾಯ್‌ಗೆ ಬಣ್ಣ ತಂದಿದ್ದು 1998ರಲ್ಲಿ, ಎರಡೇ ಸೆಲ್‌ಗೆ ಹತ್ತು ಗಂಟೆ ಓಡುವ ಬಣ್ಣದ ಪರದೆ ಸಿಕ್ಕಾಗ. 1999ರ ಮಾರ್ಚ್‌ನಲ್ಲಿ ವಂಡರ್‌ಸ್ವಾನ್ ಬಂತು. ಕಪ್ಪು ಬಿಳುಪು ಪರದೆ, 4,800 ಯೆನ್, ಒಂದೇ ಸೆಲ್. 2017ರಲ್ಲಿ ನಿಂಟೆಂಡೊ ತಂದ 'ಸ್ವಿಚ್' ಎಂಬ ಗೇಮ್ ಯಂತ್ರದ ಒಳಗಿದ್ದದ್ದು ಎನ್‌ವಿಡಿಯಾ ಕಂಪನಿ ಎರಡು ವರ್ಷ ಮೊದಲೇ ಬಿಡುಗಡೆ ಮಾಡಿದ್ದ ಚಿಪ್. ಅದು 15 ಕೋಟಿಗೂ ಜಾಸ್ತಿ ಮಾರಾಟವಾಗಿದೆ.