ಕೆಂಪು ಬಣ್ಣದ ಬೆನ್ನು ಹತ್ತಿ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ನಮ್ಮ ಆಫೀಸಿನಲ್ಲಿ, ಶಾಖೆಗಳ ನೆಟ್‌ವರ್ಕ್ ಎಲ್ಲಿ ಕೆಟ್ಟಿದೆ ಅಂತ ಕೆಂಪು-ಹಸಿರಿನಲ್ಲಿ ತೋರಿಸುವ ಮಾನಿಟರ್ ಮುಂದೆ ಕೂತಿದ್ದ ಹೊಸ ಹುಡುಗ ಗಾಬರಿಯಾಗಿ ಕೂಗಿದ. "ಸರ್, ಜಿಲ್ಲೆಗೆ ಜಿಲ್ಲೆನೇ ಕೆಂಪಾಗಿದೆ!" ಹೋಗಿ ಜಿಲ್ಲೆಯ ಪಕ್ಕದ ಪ್ಲಸ್ ಒತ್ತಿದೆ. ಸೇಡಂ ಕೆಂಪು. ಅದನ್ನು ಬಿಚ್ಚಿದರೆ ಶಾಖೆ ಕೆಂಪು. ಅದರೊಳಗೆ ರೂಟರ್ ಹಸಿರು, ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಹಸಿರು. ಕಟ್ಟಕಡೆಗೆ ಸಿಕ್ಕಿದ್ದು ಒಂದು ಪ್ರಿಂಟರ್. ಯಾರೋ ಊಟಕ್ಕೆ ಏಳುವಾಗ ಆಫ್ ಮಾಡಿದ್ದರು.

ಇಂಥ ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಮಕ್ಕಳ, ಅಂದರೆ ಒಳಗಿರುವವುಗಳ ಪೈಕಿ ಯಾರ ಸ್ಥಿತಿ ತೀರಾ ಕೆಟ್ಟದೋ ಅದೇ ಅಪ್ಪನಿಗೂ, ಅಜ್ಜನಿಗೂ ಏರುತ್ತದೆ. ಪ್ರಿಂಟರಿನ ಸ್ಥಿತಿ ಮೇಲಕ್ಕೆ ಹೋಗದಂತೆ ಸೆಟ್ಟಿಂಗ್ ಬದಲಿಸಿದೆವು. ಎರಡು ನಿಮಿಷದ ಕೆಲಸ.

ಕಷ್ಟ ಇರುವುದು ಗಿಡ ಕಟ್ಟುವುದರಲ್ಲಿ, ಅಂದರೆ ಯಾವುದರೊಳಗೆ ಯಾವುದು ಅಂತ ಕವಲು ಕವಲಾಗಿ ಜೋಡಿಸುವುದರಲ್ಲಿ. (ನಮ್ಮ ಕಡೆ ಮರಕ್ಕೂ ಗಿಡವೇ ಅಂತೀವಿ. ಈ ಗಿಡದ ಬೇರು ಮೇಲಿರುತ್ತದೆ, ಅಷ್ಟೇ.) ನಾವು ಮೊದಲು ಜಿಲ್ಲೆ, ತಾಲ್ಲೂಕು ಅಂತ ಕಟ್ಟಿದೆವು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು, ಹೆಸರು ತಿದ್ದಿದೆವು. ಆಮೇಲೆ ಯಡ್ರಾಮಿ, ಹುಣಸಗಿ ತಾಲ್ಲೂಕಾದವು, ಕೊಂಬೆ ಕಿತ್ತು ಬೇರೆ ಕಡೆ ನೆಟ್ಟೆವು. ಆದರೆ ತಂತಿಗೆ ತಾಲ್ಲೂಕು ಗೊತ್ತಿಲ್ಲ, ಅಲ್ವಾ? ನಮ್ಮ ಹುಣಸಗಿ ಲಿಂಕ್ ಸುರಪುರದ ಮೇಲಿಂದಲೇ ಹೋಗುತ್ತದೆ. ಸುರಪುರದ ಯುಪಿಎಸ್ ಕೈಕೊಟ್ಟ ದಿನ ಎರಡು ಕೊಂಬೆ ಕೆಂಪಾದವು. ಒಬ್ಬ ಸುರಪುರಕ್ಕೆ ಹೋದ, ಇನ್ನೊಬ್ಬ ಸುಮ್ನೆ ಹುಣಸಗಿ ತನಕ ಬೈಕ್ ಓಡಿಸಿದ.

ಮರುದಿನವೇ ಲಿಂಕ್ ಹೋಗುವ ದಾರಿ ಹಿಡಿದು ಎರಡನೇ ಗಿಡ ಕಟ್ಟಿದೆ. ಅದೇ ರೂಟರ್ ಎರಡೂ ಗಿಡದಲ್ಲಿ ಕಾಣುತ್ತದೆ. ಕಾಣುವುದು ಎರಡು ಕಡೆ, ಇರುವುದು ಒಂದೇ. ನಾವು ಬಳಸುವ ಸಾಫ್ಟ್‌ವೇರ್ ನೆಟ್‌ಎಕ್ಸ್‌ಎಂಎಸ್‌ನಲ್ಲಿ ಒಂದು ಕೊಂಬೆಯಿಂದ ಬಿಡಿಸಲು ಅನ್‌ಬೈಂಡ್ ಅಂತ ಇದೆ. ನಾನು ಅವಸರದಲ್ಲಿ ಡಿಲೀಟ್ ಒತ್ತಿದೆ. ಸುರಪುರದ ರೂಟರ್ ಎರಡೂ ಕಡೆ ಮಾಯ, ಜೊತೆಗೆ ಒಂದು ವರ್ಷದ ಗ್ರಾಫೂ ಹೋಯಿತು. ಈಗ ಹೊಸಬರಿಗೆ ಡಿಲೀಟ್ ಮಾಡುವ ಹಕ್ಕನ್ನೇ ಕೊಡುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೊಡಬಾರದು.

ರಾತ್ರಿ ಎರಡಕ್ಕೆ ಫೋನ್ ಬಂದರೆ ಮೇಲಿಂದ ಒಂದೊಂದೇ ಪ್ಲಸ್ ಒತ್ತುತ್ತ ಕೂರುವುದಿಲ್ಲ. ಹುಡುಕುವ ಫಿಲ್ಟರಿನಲ್ಲಿ ರೂಟರಿನ ಐಪಿ ವಿಳಾಸದ ಕೊನೆಯ ಎರಡು ಅಂಕಿ ಹೊಡೆದು ನೇರ ರೂಟರಿಗೆ ಹೋಗುತ್ತೇನೆ. ಅಲ್ಲಿಂದ ಎರಡನೇ ಗಿಡದಲ್ಲಿ ಮೇಲಕ್ಕೆ, ಲಿಂಕ್ ಯಾವ ರೂಟರಿನ ಮೇಲಿಂದ ಬರುತ್ತದೆ, ಅದರ ಅಪ್ಪ ಯಾರು ಅಂತ ನೋಡುತ್ತೇನೆ. ಆ ಅಪ್ಪ ರೂಟರೇ ಕೈಕೊಟ್ಟಿದ್ದರೆ ಮಗನನ್ನು ಬಿಟ್ಟುಬಿಡುತ್ತೇನೆ. ಲಿಂಕ್ ತಾನಾಗೇ ವಾಪಸ್ ಬಂದರೆ ಅಪ್‌ಟೈಮ್, ಅಂದರೆ ರೂಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ ನೋಡುತ್ತೇನೆ. ಹತ್ತು ನಿಮಿಷ ಅಂತಿದ್ದರೆ ರೂಟರ್ರೇ ಆಫ್ ಆಗಿ ಬಂದಿದೆ, ಜಾಸ್ತಿ ಸಲ ಕರೆಂಟಿನ ಕಾಟ. ತೊಂಬತ್ತು ದಿನ ಅಂತಿದ್ದರೆ ರೂಟರ್ ಎದ್ದೇ ಇತ್ತು, ಹೋಗಿದ್ದು ಲಿಂಕ್.

ಇದರಲ್ಲೂ ಒಂದು ಮೋಸವಿದೆ. ರೂಟರಿನ ಸ್ಥಿತಿ ಕೇಳಿ ತಿಳಿಯುವ ಪದ್ಧತಿ ಎಸ್‌ಎನ್‌ಎಂಪಿ, ಅದರ ಈ ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಓಡುತ್ತದೆ. ಲೆಕ್ಕಕ್ಕಿರುವ 32 ಬಿಟ್‌ನ ಜಾಗದಲ್ಲಿ ಸುಮಾರು 497 ದಿನ ಹಿಡಿಸುತ್ತದೆ, ಆಮೇಲೆ ಮತ್ತೆ ಸೊನ್ನೆ. ಒಮ್ಮೆ ಭಾಲ್ಕಿಯ ರೂಟರ್ ಹಾಗೆ ಸೊನ್ನೆಗೆ ಬಂದಿತ್ತು. ಶಾಖೆಗೆ ಫೋನ್ ಹಚ್ಚಿ ಕರೆಂಟ್ ಯಾವಾಗ ಹೋಗಿತ್ತು ಅಂತ ಗದರಿಸಿಯೇ ಕೇಳಿದೆ.

"ಎಲ್ಲಿ ಹೋಗ್ಯಾದ್ರಿ ಸರ್? ಮುಂಜಾನಿಂದ ಫ್ಯಾನ್ ತಿರಗಲಕತ್ತದ," ಅಂದರು.