ಮುಜರಾಯಿ: ಹುಂಡಿಯ ಲೆಕ್ಕ ಸರ್ಕಾರದ ಪುಸ್ತಕ ಸೇರಿದ್ದು ಹೇಗೆ

'ಮುಜರಾಯಿ' ಎಂಬ ಮಾತಿನಲ್ಲಿ ದೇವರೂ ಇಲ್ಲ, ದೇವಸ್ಥಾನವೂ ಇಲ್ಲ. ಅದು ಪಾರಸಿ ಕಂದಾಯ ಲೆಕ್ಕದ ಮಾತು. ಕಟ್ಟಬೇಕಾದ ಬಾಕಿಯಲ್ಲಿ ಇಷ್ಟನ್ನು ಮುರಿದುಕೊಳ್ಳುವುದಕ್ಕೆ ಹಳೆಯ ಶಾನುಭೋಗರು 'ಮುಜರಾ' ಎನ್ನುತ್ತಿದ್ದರು. ದೇವಸ್ಥಾನದ ದೀಪಕ್ಕೆ, ನೈವೇದ್ಯಕ್ಕೆ, ಅರ್ಚಕರ ಜೀವನಕ್ಕೆ ಎಂದು ಊರಿನ ಕಂದಾಯದಲ್ಲಿ ಬಿಟ್ಟುಕೊಟ್ಟ ಮೊತ್ತ ಹೀಗೆ ಲೆಕ್ಕದಲ್ಲಿ ಮುಜರಾ ಆಗುತ್ತಿತ್ತು. ಅದನ್ನು ನೋಡಿಕೊಳ್ಳುವ ಇಲಾಖೆಗೂ ಅದೇ ಹೆಸರು ಅಂಟಿಕೊಂಡಿತು. ಚುನಾವಣೆ ಹತ್ತಿರ ಬಂದಾಗಲೆಲ್ಲ 'ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಿ', 'ಹುಂಡಿ ದುಡ್ಡು ಎಲ್ಲಿಗೆ ಹೋಗುತ್ತಿದೆ' ಎಂಬ ಕೂಗು ಏಳುತ್ತದೆ. ಕೂಗು ಧರ್ಮದ್ದು, ಆದರೆ ಅದರ ಬೇರು ಇರುವುದು ಜಮೀನಿನ ಪಹಣಿಯಲ್ಲಿ, ಜಮಾ-ಖರ್ಚಿನ ಪುಸ್ತಕದಲ್ಲಿ.

ರಾಜರ ಕಾಲದಲ್ಲಿ ವ್ಯವಸ್ಥೆ ಸರಳವಾಗಿತ್ತು. ದೇವರ ಹೆಸರಿಗೆ ಜಮೀನು ಬಿಡುತ್ತಿದ್ದರು, ಅದು ದೇವಾದಾಯ ಇನಾಂ. ಜಮೀನಿನ ಹುಟ್ಟುವಳಿಯಲ್ಲಿ ಪೂಜೆ ನಡೆಯುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿ ಬಂದಾಗ ಈ ಜಮೀನುಗಳ ಉಸ್ತುವಾರಿ ಯಾರದೆಂಬ ಪ್ರಶ್ನೆ ಎದ್ದಿತು. 1817ರ ಮದ್ರಾಸ್ ರೆಗ್ಯುಲೇಷನ್ 7 ಅದನ್ನು ಕಂದಾಯ ಮಂಡಳಿಗೆ ಒಪ್ಪಿಸಿತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕೆನರಾ ಮತ್ತು ಬಳ್ಳಾರಿ ಸೀಮೆಗಳಿಗೂ ಇದು ಅನ್ವಯಿಸಿತು. ಕ್ರೈಸ್ತ ಸರ್ಕಾರವೊಂದು ವಿಗ್ರಹಾರಾಧನೆಗೆ ಪಾರುಪತ್ಯ ಮಾಡುವುದೇ ಎಂದು ಮಿಷನರಿಗಳು ಗಲಾಟೆ ಎಬ್ಬಿಸಿದರು. ಸರ್ಕಾರ ದೇವಸ್ಥಾನದಿಂದ ಹೊರಗೆ ಹೋಗಬೇಕು ಎಂಬ ಬೇಡಿಕೆಯನ್ನು ಮೊದಲು ಜೋರಾಗಿ ಎತ್ತಿದವರು ಅವರೇ ಎಂಬುದನ್ನು ಇಂದಿನ ಎರಡೂ ಕಡೆಯವರು ಮರೆತಂತಿದೆ. ಕೊನೆಗೆ 1863ರ ಧಾರ್ಮಿಕ ದತ್ತಿ ಕಾಯ್ದೆ ಬಂದು, ಸರ್ಕಾರ ಕೈತೊಳೆದುಕೊಂಡು ಸ್ಥಳೀಯ ಸಮಿತಿಗಳಿಗೆ ದೇವಸ್ಥಾನ ಬಿಟ್ಟುಕೊಟ್ಟಿತು.

ಆ ಸಮಿತಿಗಳ ಸದಸ್ಯತ್ವ ಆಜೀವ ಪರ್ಯಂತ. ಲೆಕ್ಕ ಕೇಳಬೇಕೆಂದರೆ ಭಕ್ತರೇ ಸಿವಿಲ್ ಕೋರ್ಟಿಗೆ ದಾವೆ ಹೂಡಬೇಕು. ದೇವರ ಜಮೀನು ಮೊಕ್ತೇಸರರ ನೆಂಟರಿಗೆ ಗೇಣಿಗೆ ಹೋಗುವುದು, ಗೇಣಿ ಬಾಕಿ ಬೀಳುವುದು, ಅಡವಿಟ್ಟ ಒಡವೆ ಬಿಡಿಸದೆ ಉಳಿಯುವುದು, ಇಂಥ ದೂರುಗಳು ಬೆಳೆಯುತ್ತ ಹೋದವು. ಆ ದೂರುಗಳನ್ನೇ ಹಿಡಿದು ಮದ್ರಾಸಿನ ಜಸ್ಟಿಸ್ ಪಕ್ಷದ ಸರ್ಕಾರ 1925ರಲ್ಲಿ ಹಿಂದೂ ಧಾರ್ಮಿಕ ದತ್ತಿ ಕಾನೂನು ತಂದಿತು. ಅದರ ಸಿಂಧುತ್ವಕ್ಕೆ ತಕರಾರು ಬಂದದ್ದರಿಂದ 1927ರಲ್ಲಿ ಮತ್ತೆ ಮಾಡಬೇಕಾಯಿತು. ಮೈಸೂರು ಸಂಸ್ಥಾನದ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆಯೂ 1927ರದೇ. ಆದರೆ ಎರಡರ ಹಿನ್ನೆಲೆ ಬೇರೆ. ಮೈಸೂರಿನಲ್ಲಿ ಮಹಾರಾಜರೇ ದೇವಸ್ಥಾನಗಳ ಪೋಷಕರು, ಹಾಗಾಗಿ ಡೆಪ್ಯುಟಿ ಕಮಿಷನರು, ಅಮಲ್ದಾರರು ದೇವಸ್ಥಾನದ ಲೆಕ್ಕ ನೋಡುವುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಮದ್ರಾಸಿನಲ್ಲಿ ಅದು ಆರಂಭದಿಂದಲೇ ರಾಜಕೀಯದ ವಿಷಯವಾಗಿತ್ತು.

ಸಂವಿಧಾನ ಬಂದ ಮೇಲೆ ಈ ಜಗಳದ ದೊಡ್ಡ ತೀರ್ಪು ಹುಟ್ಟಿದ್ದು ಉಡುಪಿಯಲ್ಲಿ. ಅಷ್ಟ ಮಠಗಳಿಗೆ ಸರದಿಯ ಮೇಲೆ ಎರಡೆರಡು ವರ್ಷ ಕೃಷ್ಣ ಪೂಜೆಯ ಪರ್ಯಾಯ. ಆ ಅವಧಿಯಲ್ಲಿ ನಿತ್ಯ ಅನ್ನಸಂತರ್ಪಣೆಯ ಖರ್ಚು ಮಠದ್ದೇ. 1946ರ ಪರ್ಯಾಯದ ಹೊತ್ತಿಗೆ ಯುದ್ಧಕಾಲದ ಬೆಲೆಯೇರಿಕೆಯೂ ಸೇರಿ ಶಿರೂರು ಮಠದ ಸಾಲ ಲಕ್ಷ ರೂಪಾಯಿಯ ಆಸುಪಾಸಿಗೆ ಬಂತು. ಉಡುಪಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು; ಅಲ್ಲಿನ ದತ್ತಿ ಮಂಡಳಿ ಮಧ್ಯೆ ಬಂದು ಮಠದ ಆಡಳಿತಕ್ಕೆ ತನ್ನದೇ ಯೋಜನೆ ಹೇರಲು ಹೊರಟಿತು. ಮಠಾಧೀಶರು ಕೋರ್ಟಿಗೆ ಹೋದರು. 1954ರ ಮಾರ್ಚ್ 16ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನ ಮೇಲೇ ಇವತ್ತಿಗೂ ಇಡೀ ವ್ಯವಸ್ಥೆ ನಿಂತಿದೆ.

ಸಂವಿಧಾನದ 26ನೇ ವಿಧಿ ಎರಡು ಬೇರೆ ಮಾತು ಹೇಳುತ್ತದೆ. ಧಾರ್ಮಿಕ ವಿಷಯಗಳನ್ನು ಪಂಗಡ ತಾನೇ ನಡೆಸಿಕೊಳ್ಳಬಹುದು. ಆಸ್ತಿಯನ್ನೂ ನಡೆಸಿಕೊಳ್ಳಬಹುದು, ಆದರೆ ಕಾನೂನಿನ ಪ್ರಕಾರ. ಹಾಗಾದರೆ ಯಾವುದು ಧರ್ಮ, ಯಾವುದು ಆಸ್ತಿಯ ಆಡಳಿತ? ದೇವರಿಗೆ ಯಾವ ಹೊತ್ತಿಗೆ ಯಾವ ನೈವೇದ್ಯ, ಯಾವ ದಿನ ಯಾವ ಉತ್ಸವ ಎಂಬುದನ್ನು ಆ ಧರ್ಮದ ಸಿದ್ಧಾಂತವೇ ಹೇಳಬೇಕು, ಅಧಿಕಾರಿ ಹೇಳುವಂತಿಲ್ಲ ಎಂದಿತು ಕೋರ್ಟು. ಆದರೆ ಅದಕ್ಕೆ ಎಷ್ಟು ದುಡ್ಡು ಸುರಿಯಬೇಕು ಎಂಬುದು ಆಸ್ತಿಯ ಆಡಳಿತಕ್ಕೆ ಸೇರಿದ್ದು. ಮಠದ ಬೊಕ್ಕಸ ಬರಿದಾಗುವಂತಿದ್ದರೆ ಕಾನೂನು ತಡೆಯಬಹುದು. ಅಧಿಕಾರಿಗಳು ಮಠದೊಳಗೆ ಯಾವ ಮಿತಿಯೂ ಇಲ್ಲದೆ ಪ್ರವೇಶಿಸಬಹುದೆಂಬ ಕಲಮು ಬಿದ್ದುಹೋಯಿತು.

ಆ ತೀರ್ಪಿನ ಇನ್ನೊಂದು ತುಂಡಿನ ಬಗ್ಗೆ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ, ಆದರೆ ಹುಂಡಿಯ ಜಗಳಕ್ಕೆ ಅದೇ ಮುಖ್ಯ. 1951ರ ಮದ್ರಾಸ್ ಕಾಯ್ದೆ ಆದಾಯದ ಶೇ 5ರವರೆಗೆ ವಂತಿಗೆ ಕೇಳುತ್ತಿತ್ತು. ಈ ಹಣ ಸರ್ಕಾರದ ಸಾಮಾನ್ಯ ಖಜಾನೆಗೆ ಹೋಗುತ್ತಿದೆ, ಕೊಟ್ಟವರಿಗೆ ಇಂಥ ಸೇವೆ ಎಂಬ ಲೆಕ್ಕವಿಲ್ಲ, ಹಾಗಾಗಿ ಇದು ಶುಲ್ಕವಲ್ಲ, ತೆರಿಗೆ. ಇಂಥ ತೆರಿಗೆ ಹಾಕಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂದು ಕೋರ್ಟು ರದ್ದು ಮಾಡಿತು. ಅದೇ ದಿನ ಒಡಿಶಾದ ಇಂಥದೇ ವಂತಿಗೆಯನ್ನು ಮಾತ್ರ ಎತ್ತಿಹಿಡಿಯಿತು, ಏಕೆಂದರೆ ಅಲ್ಲಿ ಹಣ ಪ್ರತ್ಯೇಕ ನಿಧಿಗೆ ಹೋಗುತ್ತಿತ್ತು. ಕರ್ನಾಟಕದ ಈಗಿನ ಕಾಯ್ದೆಯಲ್ಲಿ ಆದಾಯವಿರುವ ದೇವಸ್ಥಾನಗಳ ವಂತಿಗೆ ಕೂಡಿಟ್ಟು ಬಡ ದೇವಸ್ಥಾನಗಳಿಗೆ ನೆರವಾಗುವ 'ಸಾಮಾನ್ಯ ಸಂಗ್ರಹಣಾ ನಿಧಿ' ಎಂಬ ಬೇರೆಯೇ ಡಬ್ಬಿ ಏಕಿದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಡಬ್ಬಿ ಬೇರೆ ಇರದಿದ್ದರೆ ವಂತಿಗೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯದು ಬೇರೆ ದಾರಿ. ಅದು ಗೌಡ ಸಾರಸ್ವತ ಸಮಾಜದ ಪಂಗಡದ ದೇವಸ್ಥಾನ ಹೌದು, ಆದರೂ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯಬೇಕು, ಕೆಲವು ವಿಶೇಷ ಸೇವೆಗಳನ್ನಷ್ಟೇ ಸಮಾಜದವರಿಗೆ ಮೀಸಲಿಡಬಹುದು ಎಂದು ತೀರ್ಪಾಯಿತು.

ರಾಜ್ಯ ಏಕೀಕರಣದ ನಂತರ ಕರ್ನಾಟಕದಲ್ಲಿ ಐದು ಕಾನೂನುಗಳು ಒಟ್ಟಿಗೆ ನಡೆಯುತ್ತಿದ್ದವು. ಹಳೆ ಮೈಸೂರಿಗೆ 1927ರ ಕಾಯ್ದೆ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಗೆ 1951ರ ಮದ್ರಾಸ್ ಕಾಯ್ದೆ, ಮುಂಬೈ ಕರ್ನಾಟಕಕ್ಕೆ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆ, ಹೈದರಾಬಾದ್ ಕರ್ನಾಟಕಕ್ಕೆ ನಿಜಾಮರ ಕಾಲದ ದತ್ತಿ ನಿಯಮ, ಕೊಡಗಿಗೆ 1956ರ ದೇವಸ್ಥಾನ ನಿಧಿ ಕಾಯ್ದೆ. ಒಂದು ಕಡೆ ಧರ್ಮದರ್ಶಿ, ಇನ್ನೊಂದು ಕಡೆ ಮೊಕ್ತೇಸರ, ಮತ್ತೊಂದು ಕಡೆ ಟ್ರಸ್ಟಿ. ಇವೆಲ್ಲವನ್ನೂ ತೆಗೆದುಹಾಕಿದ್ದು ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ, 1997. ಜಾರಿಗೆ ಬಂದದ್ದು 2003ರಲ್ಲಿ. ಮಠಗಳನ್ನು ಇದರಿಂದ ಹೊರಗಿಟ್ಟರು. ಈ ರಾಜ್ಯದಲ್ಲಿ ಮಠಗಳ ಮಾತಿಗೆ ಚುನಾವಣೆಯಲ್ಲಿ ಎಷ್ಟು ತೂಕವೆಂದು ಬಲ್ಲವರಿಗೆ ಇದು ಆಶ್ಚರ್ಯವಾಗದು. ಆದರೆ ಆ ವಿನಾಯಿತಿಯೇ ಕಾಯ್ದೆಗೆ ಕುತ್ತಾಯಿತು: ಕೆಲವರಿಗೆ ಒಂದು ನ್ಯಾಯ, ಕೆಲವರಿಗೆ ಇನ್ನೊಂದು ಎಂಬುದೂ ಕಾರಣವಾಗಿ 2006ರಲ್ಲಿ ಹೈಕೋರ್ಟು ಇಡೀ ಕಾಯ್ದೆಯನ್ನು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟು ತಡೆ ಕೊಟ್ಟದ್ದರಿಂದ ಕಾಯ್ದೆ ಉಳಿದುಕೊಂಡಿತು. ಆಮೇಲಿನ ತಿದ್ದುಪಡಿಗಳೆಲ್ಲ ಈ ತೂಗುಗತ್ತಿಯ ಕೆಳಗೇ ಆದವು.

ಈಗಿನ ಲೆಕ್ಕದಲ್ಲಿ ವಾರ್ಷಿಕ ಆದಾಯ 25 ಲಕ್ಷ ರೂಪಾಯಿ ದಾಟಿದ ದೇವಸ್ಥಾನ 'ಎ' ವರ್ಗ, 5ರಿಂದ 25 ಲಕ್ಷದೊಳಗಿನದು 'ಬಿ', ಅದಕ್ಕಿಂತ ಕಡಿಮೆಯದು 'ಸಿ'. ಮುಜರಾಯಿಗೆ ಸೇರಿದ ಸುಮಾರು 34 ಸಾವಿರ ದೇವಸ್ಥಾನಗಳಲ್ಲಿ 'ಎ' ಮತ್ತು 'ಬಿ' ಎರಡೂ ಸೇರಿ ನಾಲ್ಕುನೂರರ ಆಸುಪಾಸು. ಮಿಕ್ಕವೆಲ್ಲ 'ಸಿ'. ಒಂದು ತುದಿಯಲ್ಲಿ ವರ್ಷಕ್ಕೆ ನೂರು ಕೋಟಿ ದಾಟುವ ಕುಕ್ಕೆ ಸುಬ್ರಹ್ಮಣ್ಯ, ಇನ್ನೊಂದು ತುದಿಯಲ್ಲಿ ಸಂಜೆಯ ದೀಪದ ಎಣ್ಣೆಗೂ ಲೆಕ್ಕ ಹಾಕುವ ಊರ ಗುಡಿ.

ಊರ ಗುಡಿ ಬಡವಾದದ್ದಕ್ಕೆ ಕಾರಣ ಜಮೀನು ಹೋದದ್ದು. ಮೈಸೂರು ಸೀಮೆಯಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ, ರಾಜ್ಯದುದ್ದಕ್ಕೂ 1974ರ ಭೂ ಸುಧಾರಣೆ, ಎರಡೂ ಸೇರಿ ದೇವರ ಹೆಸರಿನ ಗೇಣಿ ಜಮೀನು ಉಳುವವರ ಪಾಲಾಯಿತು. ಗೇಣಿದಾರರಿಗೆ ಅದು ಸಿಗಬೇಕಾದದ್ದೇ. ಬದಲಿಗೆ ದೇವಸ್ಥಾನಕ್ಕೆ ಸರ್ಕಾರ ವರ್ಷಕ್ಕಿಷ್ಟೆಂದು ನಗದು ಕೊಡಲು ಒಪ್ಪಿತು, ಅದೇ ತಸ್ತೀಕು ಮತ್ತು ವರ್ಷಾಶನ. ಇಲ್ಲಿ ಎಡವಟ್ಟಾದದ್ದು ಲೆಕ್ಕದಲ್ಲಿ: ಭತ್ತದ ಬೆಲೆ ಏರುತ್ತ ಹೋಗುತ್ತದೆ, ಆದೇಶದಲ್ಲಿ ಬರೆದ ಮೊತ್ತ ಸರ್ಕಾರ ಮನಸ್ಸು ಮಾಡುವವರೆಗೂ ಕದಲುವುದಿಲ್ಲ. 'ಸಿ' ವರ್ಗದ ತಸ್ತೀಕು 48 ಸಾವಿರದಿಂದ 60 ಸಾವಿರಕ್ಕೆ, ಬಳಿಕ 2025ರ ಬಜೆಟ್ಟಿನಲ್ಲಿ 72 ಸಾವಿರಕ್ಕೆ ಏರಿತು. 72 ಸಾವಿರವೆಂದರೂ ದಿನಕ್ಕೆ 200 ರೂಪಾಯಿಗಿಂತ ತುಸು ಕಡಿಮೆ. ಹೂವು, ಎಣ್ಣೆ, ಅಕ್ಕಿ, ಅರ್ಚಕರ ಕೈಗೆ ಬರುವುದು, ಎಲ್ಲವೂ ಅದರಲ್ಲೇ.

ತಸ್ತೀಕು ಬರುವುದು ಸರ್ಕಾರದ ಬಜೆಟ್ಟಿನಿಂದ, ಹುಂಡಿಯಿಂದಲ್ಲ. ವಾದದ ಬಿಸಿಯಲ್ಲಿ ಈ ಗೆರೆ ಅಳಿಸಿಹೋಗುತ್ತದೆ. ಕೆಲವು ದರ್ಗಾ, ಮಸೀದಿಗಳಿಗೂ ಇದೇ ಇಲಾಖೆಯ ಮೂಲಕ ಹಣ ಹೋಗುತ್ತಿತ್ತು. 2021ರಲ್ಲಿ ಅದು ದೊಡ್ಡ ಗದ್ದಲವಾಗಿ, ಇತರ ಧರ್ಮಗಳ ಸಂಸ್ಥೆಗಳಿಗೆ ಮುಜರಾಯಿಯಿಂದ ಹಣ ನಿಲ್ಲಿಸಲು ಸರ್ಕಾರ ಸೂಚಿಸಿತು. 'ಹುಂಡಿ ದುಡ್ಡು ಮಸೀದಿಗೆ' ಎಂದು ಹರಡಿದ ಸುದ್ದಿಯಲ್ಲಿ ಹುಂಡಿಯೂ ಬಜೆಟ್ಟೂ ಒಂದಾಗಿಬಿಟ್ಟಿದ್ದವು.

ಹುಂಡಿಯ ದುಡ್ಡು ಹೋಗುವ ದಾರಿ ಬೇರೆ. ಹುಂಡಿಗೆ ಬೀಗ, ಮೊಹರು. ಎಣಿಕೆಯ ದಿನ ಕಾರ್ಯನಿರ್ವಹಣಾಧಿಕಾರಿ, ವ್ಯವಸ್ಥಾಪನಾ ಸಮಿತಿ, ಬ್ಯಾಂಕಿನವರು, ದೊಡ್ಡ ಕಡೆಗಳಲ್ಲಿ ಪೊಲೀಸರು ಎದುರಿಗಿದ್ದು, ಕ್ಯಾಮೆರಾ ಮುಂದೆ ನೋಟು, ನಾಣ್ಯ ಬೇರೆಮಾಡಿ ಎಣಿಸುತ್ತಾರೆ. ಚಿನ್ನ ಬೆಳ್ಳಿ ತೂಗಿ ವಹಿಗೆ ಬರೆಯುತ್ತಾರೆ. ಹಣ ದೇವಸ್ಥಾನದ ಖಾತೆಗೇ ಜಮಾ ಆಗುತ್ತದೆ. ಅಲ್ಲಿಂದ ಹೊರಗೆ ಹೋಗುವುದು ಸಾಮಾನ್ಯ ಸಂಗ್ರಹಣಾ ನಿಧಿಯ ಪಾಲು ಮಾತ್ರ. ಸೋರಿಕೆಯ ಭಯ ನಿಜವಾಗಿ ಇರುವುದು ಹುಂಡಿಯಲ್ಲಲ್ಲ. ಸೇವಾ ರಸೀದಿ ಹರಿಯದೆ ಪಡೆದ ದುಡ್ಡು, ಕಡಿಮೆ ಬೆಲೆಗೆ ಕೊಟ್ಟ ಅಂಗಡಿ ಗುತ್ತಿಗೆ, ಸರ್ವೆಯಾಗದೆ ಒತ್ತುವರಿಯಾದ ಜಾಗ, ಇವು ಎಣಿಕೆಯ ಮೇಜಿಗೆ ಬರುವುದೇ ಇಲ್ಲ.

ನಿಧಿಯ ಪಾಲು ಎಷ್ಟು ಎಂಬುದೇ 2024ರ ಫೆಬ್ರವರಿಯ ಜಗಳ. ಹಳೆಯ ಕ್ರಮದಲ್ಲಿ ಒಟ್ಟು ಆದಾಯ 5ರಿಂದ 10 ಲಕ್ಷವಿದ್ದರೆ ಖರ್ಚು ಕಳೆದು ಉಳಿದದ್ದರ ಶೇ 5, 10 ಲಕ್ಷ ದಾಟಿದರೆ ಉಳಿದದ್ದರ ಶೇ 10. ಹೊಸ ಮಸೂದೆಯಲ್ಲಿ 10 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದಿಂದ 1 ಕೋಟಿಯವರೆಗೆ ಶೇ 5, ಕೋಟಿ ದಾಟಿದರೆ ಶೇ 10. ಆದರೆ ಈ ಸಲ ಖರ್ಚು ಕಳೆಯುವಂತಿಲ್ಲ, ಒಟ್ಟು ಆದಾಯದ ಮೇಲೇ. ವರ್ಷಕ್ಕೆ 8 ಲಕ್ಷ ಬಂದು 1 ಲಕ್ಷ ಉಳಿಯುವ ಗುಡಿ ಹಳೆಯ ಕ್ರಮದಲ್ಲಿ 5 ಸಾವಿರ ಕೊಡಬೇಕು, ಮಸೂದೆಯ ಪ್ರಕಾರ ಸೊನ್ನೆ. 40 ಲಕ್ಷ ಬಂದು 34 ಲಕ್ಷ ಖರ್ಚಾಗುವ ಕಡೆ 60 ಸಾವಿರವಿದ್ದದ್ದು 2 ಲಕ್ಷವಾಗುತ್ತದೆ. 2 ಕೋಟಿ ಬಂದು 80 ಲಕ್ಷ ಉಳಿಯುವಲ್ಲಿ 8 ಲಕ್ಷದ ಜಾಗದಲ್ಲಿ 20 ಲಕ್ಷ. ಸರ್ಕಾರ ಮೊದಲನೆಯ ಗುಡಿಯನ್ನು ತೋರಿಸಿತು, ಪ್ರತಿಪಕ್ಷ ಮೂರನೆಯದನ್ನು. ಇಬ್ಬರ ಲೆಕ್ಕವೂ ಸರಿಯೇ. ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೆ ಅಂಗೀಕಾರವಾಯಿತು. ರಾಜ್ಯಪಾಲರು ಅಂಕಿತ ಹಾಕದೆ ಸ್ಪಷ್ಟನೆ ಕೇಳಿ ಹಿಂದಿರುಗಿಸಿದರು.

ರಾಜಕೀಯ ಗಟ್ಟಿಯಾಗಿ ಕಾಲೂರುವುದು ಇನ್ನೊಂದು ಬಾಗಿಲಿನಿಂದ, ಸಮಿತಿಯ ನೇಮಕದಿಂದ. ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಅರ್ಚಕರೊಬ್ಬರು, ಇಬ್ಬರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಊರಿನವರು ಇರಬೇಕು. ಕಾಗದದಲ್ಲಿ ಚೆನ್ನಾಗಿದೆ. ನಡೆಯುವುದು ಮಾತ್ರ ಶಾಸಕರ ಶಿಫಾರಸಿನ ಪಟ್ಟಿ. ಸರ್ಕಾರ ಬದಲಾದರೆ ಅಧ್ಯಕ್ಷರ ಕುರ್ಚಿಯೂ ಅಲುಗಾಡುತ್ತದೆ. ಯಾವ ದೇವಸ್ಥಾನ ಪಟ್ಟಿಯಲ್ಲಿ ಇರಬೇಕು ಎಂಬುದೂ ಹಾಗೆಯೇ: ಗೋಕರ್ಣದ ಮಹಾಬಲೇಶ್ವರ ದೇವಸ್ಥಾನವನ್ನು 2008ರಲ್ಲಿ ಪಟ್ಟಿಯಿಂದ ಕೈಬಿಟ್ಟು ರಾಮಚಂದ್ರಾಪುರ ಮಠಕ್ಕೆ ವಹಿಸಲಾಯಿತು. 2018ರಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. 2021ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಉಸ್ತುವಾರಿ ಕೊಟ್ಟಿತು.

ಯಾರೂ ಓದದ ನಿಯಮವೊಂದು ಬೀದಿಗೆ ಬಂದದ್ದು 2022ರಲ್ಲಿ. 2002ರ ನಿಯಮಾವಳಿಯ 31ನೇ ನಿಯಮದ 12ನೇ ಉಪನಿಯಮ, ದೇವಸ್ಥಾನದ ಸಮೀಪದ ಅದರ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದು ಎನ್ನುತ್ತದೆ. ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ತಡೆಯಲು ಇದೇ ಆಧಾರವಾಯಿತು. ಗುತ್ತಿಗೆ ಒಪ್ಪಂದಕ್ಕೆ ಬರೆದ ಸಾಲು ನಾಲ್ಕು ದಿನದ ಬಳೆ ಅಂಗಡಿಗೂ, ರಸ್ತೆ ಬದಿಯ ತಳ್ಳುಗಾಡಿಗೂ ಅನ್ವಯಿಸುತ್ತದೆಯೇ ಎಂದು ಕೇಳುವಷ್ಟು ವ್ಯವಧಾನ ಆ ಜಾತ್ರೆಗಳಲ್ಲಿ ಇರಲಿಲ್ಲ.

ಅದಕ್ಕೆ ಕೆಲವೇ ತಿಂಗಳ ಹಿಂದೆ, 2021ರ ಡಿಸೆಂಬರಿನಲ್ಲಿ, ದೇವಸ್ಥಾನಗಳನ್ನು ಸರ್ಕಾರದ ಕಟ್ಟುಪಾಡಿನಿಂದ ಬಿಡಿಸುವ ಕಾನೂನು ತರುವುದಾಗಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ಘೋಷಿಸಿದ್ದರು. ಆ ಕಾನೂನು ಬರಲಿಲ್ಲ. ಬಂದಿದ್ದರೆ 'ಎ' ವರ್ಗದ ದೇವಸ್ಥಾನಗಳ ಪ್ರಶ್ನೆ ಸುಲಭ, ಖಾತೆಯನ್ನು ಟ್ರಸ್ಟಿಗೆ ಒಪ್ಪಿಸಿದರಾಯಿತು. ಆದರೆ ಜಮೀನು ಕಳೆದುಕೊಂಡು ತಸ್ತೀಕಿನ ಮೇಲೆ ನಿಂತಿರುವ 'ಸಿ' ವರ್ಗದ ಗುಡಿಗಳಿಗೆ ಬಿಡುಗಡೆಯಾದ ಮರುದಿನ ಎಣ್ಣೆಯ ದುಡ್ಡು ಯಾವ ಖಾತೆಯಿಂದ ಬರಬೇಕು ಎಂದು ಅದರಲ್ಲಿ ಬರೆಯಬೇಕಾಗುತ್ತಿತ್ತು.