ಹೈಸ್ಕೂಲಿನಲ್ಲೇ ಕಾಲೇಜು ಕೋರ್ಸ್ ಮಾಡಿದರೆ ಮಕ್ಕಳು ‘ಟ್ರಾನ್ಸ್‌ಫರ್’ ಆಗಿಬಿಡುತ್ತಾರೆಯೇ?

ಪ್ರಶ್ನೆ: ಮಗಳು ಹತ್ತನೇ ತರಗತಿ ಮುಗಿಸಿದ್ದಾಳೆ. ಹೈಸ್ಕೂಲಿನ ಜೊತೆಗೇ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸಾರ್ವಜನಿಕ ಕಾಲೇಜು) ಒಂದೆರಡು ಕೋರ್ಸ್ ಮಾಡಬೇಕೆಂದು ಅವಳಿಗೆ ಆಸೆ. ಆದರೆ ಯೂನಿಟ್ (ಕೋರ್ಸಿನ ಕ್ರೆಡಿಟ್) ಜಾಸ್ತಿಯಾದರೆ ಯುಸಿಯವರು (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಟ್ರಾನ್ಸ್‌ಫರ್ ವಿದ್ಯಾರ್ಥಿ, ಅಂದರೆ ಬೇರೆ ಕಾಲೇಜಿನಿಂದ ನಡುವೆ ಬಂದು ಸೇರುವವಳು, ಎಂದು ಲೆಕ್ಕ ಹಿಡಿಯುತ್ತಾರಂತೆ, ಮೊದಲ ವರ್ಷಕ್ಕೆ ಪ್ರವೇಶವೇ ಸಿಗುವುದಿಲ್ಲವಂತೆ. ಬೇಡ ಎನ್ನಲೇ?
(ಫ್ರೀಮಾಂಟ್‌ನಿಂದ ಒಬ್ಬ ತಾಯಿ)

ದಯವಿಟ್ಟು ಬೇಡ ಎನ್ನಬೇಡಿ. ಭಾನುವಾರದ ಕನ್ನಡ ತರಗತಿ ಮುಗಿದು ಚಾಪೆ ಸುತ್ತಿಡುವ ಹೊತ್ತಿಗೆ ಯಾರಾದರೊಬ್ಬರು ಈ ಪ್ರಶ್ನೆ ಹಿಡಿದುಕೊಂಡು ಬಂದೇ ಬರುತ್ತಾರೆ. ಎಷ್ಟು ಸಲ ಹೇಳಿದರೂ ಈ ‘ಅಂತೆ’ ಸಾಯುತ್ತಿಲ್ಲ. ಇವತ್ತು ಬೇರುಸಹಿತ ಕೀಳೋಣ.

ಕ್ಯಾಲಿಫೋರ್ನಿಯಾದ ಉಳಿದ ನಿಯಮಗಳು ಸರಳವಾಗಿವೆ. ಪಾಲಕರ ಒಪ್ಪಿಗೆ ಬೇಕು, ಶಾಲೆಯ ಮುಖ್ಯಸ್ಥರ ಶಿಫಾರಸು ಬೇಕು. ತಾವಾಗಿ ಕಾಲೇಜಿಗೆ ಹೋಗಿ ಕಲಿಯುವವರಿಗೆ ಸೆಮಿಸ್ಟರಿಗೆ 11 ಯೂನಿಟ್‌ಗಳ ಮಿತಿ. ಶಾಲೆಯೂ ಕಾಲೇಜೂ 2016ರಲ್ಲಿ ಜಾರಿಗೆ ಬಂದ ಕಾನೂನಿನಡಿ ಒಪ್ಪಂದ ಮಾಡಿಕೊಂಡಿದ್ದರೆ 15 ಯೂನಿಟ್‌ವರೆಗೆ ಹೋಗಬಹುದು, ಅದೂ ನಾಲ್ಕು ಕೋರ್ಸ್ ಮೀರದಂತೆ. ಯೂನಿಟ್‌ಗೆ 46 ಡಾಲರ್ ಇರುವ ಶುಲ್ಕವನ್ನು ಹೈಸ್ಕೂಲಿನವರಿಗೆ ಬಹುತೇಕ ಕಾಲೇಜುಗಳು ಬಿಟ್ಟುಕೊಡುತ್ತವೆ. ಪುಸ್ತಕದ ಖರ್ಚು ಸಾಮಾನ್ಯವಾಗಿ ನಿಮ್ಮದು.

ಈಗ ಆ ‘ಅಂತೆ’ಯ ವಿಷಯ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ನಿಮ್ಮ ಮಗಳನ್ನು ಮೊದಲ ವರ್ಷದ ಅರ್ಜಿದಾರಳೋ ಟ್ರಾನ್ಸ್‌ಫರೋ ಎಂದು ತೀರ್ಮಾನಿಸಲು ಯೂನಿಟ್ ಎಣಿಸುವುದೇ ಇಲ್ಲ. ಅದು ನೋಡುವುದು ಒಂದೇ: ಹೈಸ್ಕೂಲ್, ಅಂದರೆ ಇಲ್ಲಿ ಹನ್ನೆರಡನೇ ತರಗತಿ, ಮುಗಿಸಿದ ಮೇಲೆ ಯಾವುದಾದರೂ ಕಾಲೇಜಿನ ನಿಯಮಿತ ಅವಧಿಗೆ ಸೇರಿದ್ದಾಳೆಯೇ? ಇಲ್ಲವಾದರೆ ಅವಳು ಮೊದಲ ವರ್ಷದವಳೇ. ಕೈಯಲ್ಲಿ 6 ಯೂನಿಟ್ ಇರಲಿ, 60 ಇರಲಿ, ವ್ಯತ್ಯಾಸವಿಲ್ಲ. ಹೈಸ್ಕೂಲಿನ ಪದವಿ ಪ್ರದಾನದ ಬೆನ್ನಿಗೇ ಬರುವ ಬೇಸಿಗೆಯ ಕೋರ್ಸೂ ಲೆಕ್ಕಕ್ಕಿಲ್ಲ.

ಇಷ್ಟು ಸ್ಪಷ್ಟವಿರುವಾಗ ಈ ಭಯ ಎಲ್ಲಿಂದ ಬಂತು? ಅರ್ಧ ಕಾರಣ ಆ 60 ಎಂಬ ಸಂಖ್ಯೆ. ಕಮ್ಯುನಿಟಿ ಕಾಲೇಜಿನಿಂದ ಯುಸಿಯ ಮೂರನೇ ವರ್ಷಕ್ಕೆ ಹೋಗುವವರು 60 ಸೆಮಿಸ್ಟರ್ ಯೂನಿಟ್ ಮುಗಿಸಿರಬೇಕು. ಅದು ಅವರಿಗಿರುವ ಷರತ್ತು, ಹೈಸ್ಕೂಲಿನ ಮಕ್ಕಳಿಗೆ ಹಾಕಿದ ಗೆರೆಯಲ್ಲ. ಉಳಿದರ್ಧ ನಾವು ಊರಿನಿಂದ ತಂದದ್ದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದವರು ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರುವುದನ್ನು ನೋಡಿ ಬೆಳೆದವರು ನಾವು. ಆ ಸಾಲೇ ಬೇರೆ, ಈ ಸಾಲೇ ಬೇರೆ ಎಂಬ ಚಿತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನೇ ಇಲ್ಲಿಗೂ ಅನ್ವಯಿಸುತ್ತೇವೆ.

ಕಳೆದ ವರ್ಷ ಒಬ್ಬ ತಂದೆ ಮೊಬೈಲ್ ತೆಗೆದು ಮಗನ ಕಾಲೇಜು ಅಂಕಪಟ್ಟಿ ತೋರಿಸಿದರು. ಹುಡುಗ ಕ್ಯಾಲ್ಕುಲಸ್‌ನಲ್ಲಿ ಚೆನ್ನಾಗಿಯೇ ಇದ್ದ. ಯಾರದೋ ಮಾತು ಕೇಳಿ ಅರ್ಧಕ್ಕೇ ಬಿಡಿಸಿದ್ದರು. ಗುರುತು ಬೀಳದಂತೆ ಬಿಡುವ ಗಡುವು ಅಷ್ಟರಲ್ಲಿ ದಾಟಿತ್ತು. ಕೋರ್ಸಿನ ಹೆಸರಿನ ಪಕ್ಕದಲ್ಲಿ ಒಂದೇ ಒಂದು ಅಕ್ಷರ: ‘ಡಬ್ಲ್ಯೂ’, ಕೋರ್ಸ್ ಅರ್ಧಕ್ಕೆ ಬಿಟ್ಟದ್ದರ ಗುರುತು. ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಂಕಪಟ್ಟಿಯ ಮೇಲೆ ಗುರುತು ಹಾಕಿಸಿಕೊಂಡಂತಾಯಿತು. ನನಗೆ ಆ ದಿನ ಊಟ ಸೇರಲಿಲ್ಲ.

ನಿಜವಾದ ಗುಂಡಿ ಬೇರೆ ಕಡೆ ಇದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಹನ್ನೆರಡನೇ ತರಗತಿ ಮುಗಿಸಿ ಒಂದು ವರ್ಷ ಬಿಡುವು ಮಾಡಿಕೊಂಡು, ಸುಮ್ಮನೆ ಯಾಕೆ ಕೂರುವುದು ಎಂದು ಆಗಸ್ಟ್‌ನಲ್ಲಿ ಒಂದೇ ಒಂದು ಕೋರ್ಸಿಗೆ ಸೇರಿದರೆ ಸಾಕು, ಆಗ ಮೊದಲ ವರ್ಷದ ಬಾಗಿಲು ಮುಚ್ಚುತ್ತದೆ.

ಇನ್ನೊಂದು ಮಾತು. ಈ ಅಂಕಗಳು ‘ಅಭ್ಯಾಸಕ್ಕೆ’ ಬಂದವಲ್ಲ. ಅವು ಕಾಲೇಜಿನ ಶಾಶ್ವತ ದಾಖಲೆ, ಅರ್ಜಿಯಲ್ಲಿ ತಿಳಿಸಲೇಬೇಕು. ಯುಸಿಗೆ ವರ್ಗಾವಣೆಯಾಗುವ, ಅಂದರೆ ಯುಸಿ ಮಾನ್ಯ ಮಾಡುವ, ಕೋರ್ಸಾದರೆ ಎಪಿಗೆ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸಿಗೆ) ಕೊಡುವಂತೆಯೇ ಒಂದು ಹೆಚ್ಚುವರಿ ಅಂಕ ಮಿತಿಯೊಳಗೆ ಸೇರುತ್ತದೆ. ಯಾವ ಕೋರ್ಸ್ ವರ್ಗಾವಣೆಯಾಗುತ್ತದೆ ಎಂಬುದನ್ನು ‘ಅಸಿಸ್ಟ್’ ಜಾಲತಾಣದಲ್ಲಿ ಸೇರುವ ಮುನ್ನವೇ ನೋಡಿ. ಸಿಯಾಟಲ್ ಕಡೆಯವರೇ, ಇದು ನಿಮಗೆ ಹೇಳಿದ್ದಲ್ಲ. ನಿಮ್ಮಲ್ಲಿ ‘ರನ್ನಿಂಗ್ ಸ್ಟಾರ್ಟ್’ ಎಂಬ ಇಂಥದೇ ಯೋಜನೆ ಇದೆ, 11 ಮತ್ತು 12ನೇ ತರಗತಿಗೆ, ಅದರ ನಿಯಮಗಳೇ ಬೇರೆ.

ನೀವು ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಸೇರಿದ ಮೂರನೇ ವಾರಕ್ಕೆ ಕೇಳಿಯೇ ಕೇಳುತ್ತೀರಿ: ‘ಪ್ರೊಫೆಸರ್‌ಗೆ ಮೇಲ್ ಮಾಡಿದೆ, ಮಗಳ ಅಂಕ ಹೇಳಲಿಲ್ಲ, ಯಾಕೆ?’ ಫೆರ್ಪಾ ಎಂಬ 1974ರ ಫೆಡರಲ್ ಕಾನೂನಿನ ಪ್ರಕಾರ, ಕಾಲೇಜಿಗೆ ಸೇರಿದ ಗಳಿಗೆಯಿಂದ ಅಲ್ಲಿನ ದಾಖಲೆಗಳ ಹಕ್ಕು ವಿದ್ಯಾರ್ಥಿಗೆ ಸೇರಿದ್ದು, ಅವಳಿಗೆ ಹದಿನಾರೇ ವರ್ಷವಾಗಿದ್ದರೂ. ತೆರಿಗೆ ಲೆಕ್ಕದಲ್ಲಿ ಅವಳು ನಿಮ್ಮ ಅವಲಂಬಿತಳಾಗಿದ್ದರೆ ಕಾಲೇಜು ನಿಮಗೆ ತಿಳಿಸಬಹುದು, ತಿಳಿಸಲೇಬೇಕೆಂದಿಲ್ಲ. ಆದ್ದರಿಂದ ಮೊದಲ ವಾರವೇ ಅವಳ ಪಕ್ಕ ಕುಳಿತುಕೊಳ್ಳಿ, ಅವಳೇ ಲಾಗಿನ್ ಮಾಡಿ ತೋರಿಸಲಿ. ಕೋರ್ಸ್ ಬಿಡಲು ಇರುವ ಎರಡು ಗಡುವುಗಳನ್ನು, ಗುರುತಿಲ್ಲದೆ ಬಿಡುವುದನ್ನೂ ‘ಡಬ್ಲ್ಯೂ’ ಪಡೆದು ಬಿಡುವುದನ್ನೂ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಅವಳ ಕೈಯಿಂದಲೇ ಬರೆಸಿ.